ಮ್ಯಾಚ್ ಟಿವಿಯಲ್ಲಿ, ಊರು ವೆಬ್‌ಕ್ಯಾಮ್‌ನಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಊರಿನ ಚೌಕ, ಬೀದಿಗಳನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುವ ವೆಬ್‌ಕ್ಯಾಮ್‌ನಲ್ಲಿ ಫುಟ್‌ಬಾಲ್ ಮ್ಯಾಚ್ ಕಾಣಿಸುವುದಿಲ್ಲ. ಪ್ರಸಾರದ ಹಕ್ಕು ಕೋಟಿ ಕೋಟಿ ಸುರಿದು ಕೊಂಡವರದು. ಸ್ಟೇಡಿಯಂ ಒಳಗಿನ ಆಟವನ್ನು ಬಿಟ್ಟಿಯಾಗಿ ತೋರಿಸಲು ಯಾರೂ ಬಿಡುವುದಿಲ್ಲ. ಹಾಗೆ ತೋರಿಸುತ್ತೇವೆ ಅನ್ನುವ ಲಿಂಕ್ ಬಂದರೆ ಒತ್ತಲೇಬೇಡಿ. ಇಲ್ಲಿ ಕಾಣಿಸುವುದು ಊರು. ಗೆದ್ದ ಊರು, ಇನ್ನೂ ಗೆಲ್ಲದೆ ಉಸಿರು ಬಿಗಿಹಿಡಿದು ನಿಂತ ಊರು. ನನಗೆ ಬೇಕಾದದ್ದೂ ಅದೇ.

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಬೆಂಗಳೂರಿನ ಆಸ್ಟಿನ್ ಟೌನಿನವನು, ಒಂದು ಕಾಲದಲ್ಲಿ ರೈಟ್ ಬ್ಯಾಕ್ ಆಡಿದವನು. 1986ರ ವರ್ಲ್ಡ್ ಕಪ್ ದೂರದರ್ಶನದಲ್ಲಿ ಬಂದಾಗ ಬೀದಿಯವರೆಲ್ಲ ಸೇರಿ ಮರಡೋನಾನನ್ನು ನೋಡಿದ್ದೆವು. ಮರುವರ್ಷ ಮೇ 10ರಂದು ಅವನ ಕ್ಲಬ್, ನೇಪಲ್ಸ್ ಊರಿನ ನಾಪೋಲಿ ತಂಡ, ಮೊದಲ ಸಲ ಇಟಲಿಯ ಲೀಗ್ ಗೆದ್ದಿತು. ಅದನ್ನು ನೋಡುವ ದಾರಿಯೇ ನಮಗಿರಲಿಲ್ಲ. ಪೇಪರಿನಲ್ಲಿ ನಾಲ್ಕು ಸಾಲು ಓದಿ, ಆ ಊರು ಆ ರಾತ್ರಿ ಹೇಗಿದ್ದಿರಬಹುದು ಅಂತ ನಾವೇ ಊಹಿಸಿಕೊಂಡು ಮಾತಾಡಿದ್ದಷ್ಟೇ. 1990ರಲ್ಲಿ ಮತ್ತೆ ಗೆದ್ದರು. ಆಮೇಲೆ 33 ವರ್ಷ ಏನೂ ಇಲ್ಲ.

2023ರಲ್ಲಿ ಮೂರನೆಯ ಲೀಗ್ ಪ್ರಶಸ್ತಿ ಬಂದಾಗ ನನ್ನ ಮುಂದೆ ಎರಡು ಪರದೆ ಇದ್ದವು. ಟಿವಿಯಲ್ಲಿ ಆ್ಯಪ್ ಹಾಕಿಕೊಂಡು ಮ್ಯಾಚ್. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪಿನಲ್ಲಿ ನೇಪಲ್ಸ್. ಸೊಸೆ ಹೊಂದಿಸಿಕೊಟ್ಟಿದ್ದಳು. ಸ್ಕೈಲೈನ್ ವೆಬ್‌ಕ್ಯಾಮ್ಸ್ ಅಂತ ಒಂದು ತಾಣ ಇದೆ, ಇಟಲಿಯವರದೇ. ಹಾಗಾಗಿ ಇಟಲಿಯ ಊರುಗಳು ಅದರಲ್ಲಿ ಚೆನ್ನಾಗಿ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ನೇಪಲ್ಸಿನ ಪಿಯಾಜ್ಜಾ ದೆಲ್ ಪ್ಲೆಬಿಶಿತೋ ಚೌಕ ಇದೆ. ಕೊಲ್ಲಿ, ಅದರಾಚೆ ವೆಸುವಿಯಸ್ ಬೆಟ್ಟ ಕಾಣುವ ಕ್ಯಾಮರಾ ಇದೆ. ಅವತ್ತು ನಾನು ಬೆಟ್ಟದ್ದನ್ನು ಹಾಕಿಕೊಂಡಿದ್ದೆ.

ಮೇ 4ರ ರಾತ್ರಿ, ನಮಗೆ 12.15ಕ್ಕೆ ಕಿಕ್ ಆಫ್. ಮ್ಯಾಚ್ ನಡೆದದ್ದು ದೂರದ ಉಡಿನೆಯಲ್ಲಿ. ಹಾಗಾಗಿ ನೇಪಲ್ಸಿನ ಜನ ಬಹುಪಾಲು ನೇಪಲ್ಸಿನಲ್ಲೇ ಇದ್ದರು. ತಮ್ಮ ಸ್ಟೇಡಿಯಂನಲ್ಲೇ ದೊಡ್ಡ ಪರದೆ ಹಾಕಿಸಿಕೊಂಡು 50 ಸಾವಿರಕ್ಕೂ ಜಾಸ್ತಿ ಜನ ಕೂತಿದ್ದರು. ಮೊದಲು ಎದುರಾಳಿ ಉಡಿನೇಸೆ ತಂಡ ಗೋಲು ಹೊಡೆಯಿತು. ಪ್ರಶಸ್ತಿಗೆ ಒಂದು ಡ್ರಾ ಸಾಕಿತ್ತು ನಾಪೋಲಿಗೆ, ಅದೂ ಕೈತಪ್ಪುವ ಹಾಗಿತ್ತು. ಹಾಫ್ ಟೈಮ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ಟಿವಿಯಲ್ಲಿ ಚೆಂಡು ಇನ್ನೂ ಗೋಲಿನ ಹತ್ತಿರವೂ ಬಂದಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಲಗಡೆಯ ಕತ್ತಲೆಯಿಂದ ಒಂದು ರಾಕೆಟ್ ಮೇಲೆ ಹೋಯಿತು. ಅದು ಒಡೆಯುವಷ್ಟರಲ್ಲಿ ಇನ್ನೂ ಮೂರು. ಆಮೇಲೆ ಕೊಲ್ಲಿಯ ಈ ತುದಿಯಿಂದ ಆ ತುದಿವರೆಗೆ, ಮನೆ ಮನೆಯ ತಾರಸಿಯಿಂದ. ಬೆಟ್ಟದ ಅಂಚು ಒಂದು ಸಲ ಕೆಂಪಗೆ, ಒಂದು ಸಲ ಹಸಿರಾಗಿ ಕಾಣಿಸಿತು. ಟಿವಿ ಕಡೆ ತಿರುಗಿದಾಗ ನಾಪೋಲಿಯ ಓಸಿಮೆನ್ ಗೋಲು ಹೊಡೆಯುತ್ತಿದ್ದ. 52ನೇ ನಿಮಿಷ. ಊರೇ ನನಗೆ ಆ್ಯಪ್‌ಗಿಂತ ಮುಂಚೆ ಸುದ್ದಿ ಮುಟ್ಟಿಸಿತ್ತು.

ಹೀಗಾಗಲು ಕಾರಣ ಇದೆ. ಆ್ಯಪ್‌ನಲ್ಲಿ ಬರುವ 'ಲೈವ್' ಮೈದಾನಕ್ಕಿಂತ ಎಷ್ಟೋ ಸೆಕೆಂಡು ಹಿಂದೆ ಇರುತ್ತದೆ. ವೆಬ್‌ಕ್ಯಾಮ್ ಕೂಡ ತಡವೇ, ಆದರೆ ಎರಡರ ತಡ ಒಂದೇ ಅಲ್ಲ. ಯಾವುದು ಮುಂದೆ ಅನ್ನುವುದು ನಿಮ್ಮ ಆ್ಯಪ್, ನಿಮ್ಮ ನೆಟ್ ಮೇಲೆ ಹೋಗುತ್ತದೆ. ಗೋಲಿನ ಸುದ್ದಿ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ವೆಬ್‌ಕ್ಯಾಮನ್ನು ಕೊನೆಯ ಸೀಟಿ ಊದಿದ ಮೇಲೆ ಹಾಕಿಕೊಳ್ಳಿ. ನಾನಂತೂ ಆಟದ ಜೊತೆಗೇ ನೋಡುತ್ತೇನೆ.

ಏಕೆಂದರೆ ಸಂಭ್ರಮಕ್ಕಿಂತ ಅದಕ್ಕೆ ಮುಂಚಿನ ಕಾಯುವಿಕೆ ದೊಡ್ಡದು. ಟಿವಿಯವರು ಅದನ್ನು ತೋರಿಸುವುದೇ ಇಲ್ಲ. ಅಳುವ ಹುಡುಗಿಯ ಮುಖ ಎರಡು ಸೆಕೆಂಡು, ಕುಣಿಯುವವರು ಮೂರು ಸೆಕೆಂಡು, ಮುಗಿಯಿತು. ವೆಬ್‌ಕ್ಯಾಮ್ ಕದಲುವುದಿಲ್ಲ. 2025ರ ಮೇ 23ರಂದು ಪ್ಲೆಬಿಶಿತೋ ಚೌಕದಲ್ಲೇ ದೊಡ್ಡ ಪರದೆ ಹಾಕಿದ್ದರು. ಕೊನೆಯ ದಿನದ ಮ್ಯಾಚ್, ನಾಪೋಲಿಗೆ ಕಾಲ್ಯಾರಿ ಎದುರು. ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಇಂಟರ್ ತಂಡ ಅದೇ ಹೊತ್ತಿಗೆ ಕೋಮೋದಲ್ಲಿ ಆಡುತ್ತಿತ್ತು. ನಾಪೋಲಿ ಮುಂದಿದ್ದದ್ದು ಒಂದೇ ಪಾಯಿಂಟು. 20ನೇ ನಿಮಿಷಕ್ಕೆ ಇಂಟರ್ ಗೋಲು ಹೊಡೆದು ಪಟ್ಟಿಯಲ್ಲಿ ಮೇಲೆ ಹೋಯಿತು. ಚೌಕದಲ್ಲಿ ಆಡುತ್ತಿದ್ದ ಬಾವುಟಗಳು ಒಂದೊಂದಾಗಿ ಇಳಿದವು. ಅಲ್ಲಲ್ಲಿ ಫೋನಿನ ಬೆಳಕು ಹೊತ್ತಿಕೊಂಡಿತು. ಕೋಮೋದ ಸ್ಕೋರು ನೋಡುತ್ತಿದ್ದರು ಅಲ್ವಾ. ಸುಮಾರು 20 ನಿಮಿಷ ಹಾಗೇ ಇತ್ತು. ಚರ್ಚಿನ ಕಂಬಸಾಲಿನ ಕೆಳಗೆ ಯಾರೋ ಒಬ್ಬರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಲೇ ಇದ್ದರು. ಪರದೆ ನೋಡುವ ಧೈರ್ಯ ಇರಲಿಲ್ಲ ಅನಿಸುತ್ತದೆ. 42ನೇ ನಿಮಿಷಕ್ಕೆ ನಾಪೋಲಿಯ ಮೆಕ್‌ಟಾಮಿನೇ ಗಾಳಿಯಲ್ಲೇ ಕಾಲು ಬೀಸಿ ಹೊಡೆದ. ಇಡೀ ಚೌಕ ಒಮ್ಮೆಲೇ ಮುಂದಕ್ಕೆ ಹರಿಯಿತು. ನನ್ನ ಕಣ್ಣು ಹುಡುಕಿದ್ದು ಆ ಕಂಬದ ಕೆಳಗಿನವರನ್ನು. ಅಷ್ಟರಲ್ಲಿ ಹೊಗೆ ಎದ್ದು ಏನೂ ಕಾಣಿಸಲಿಲ್ಲ.

ಇದೇ ದೊಡ್ಡ ಕೊರತೆ. ಕೆಂಪು ಫ್ಲೇರ್ (ಹೊಗೆ ಉಗುಳುವ ಪಂಜು) ಹಚ್ಚಿದ ಕೂಡಲೇ ಕ್ಯಾಮರಾ ಬೆಳಕು ತಾಳಲಾರದೆ ಚಿತ್ರ ಬಿಳುಚಿಕೊಳ್ಳುತ್ತದೆ. ಹೊಗೆ ಇಳಿಯುವವರೆಗೆ ಕಾಯಬೇಕು. ಮೇಲೆ ದೂರದಲ್ಲಿರುವ ಕ್ಯಾಮರಾಗೆ ಈ ತೊಂದರೆ ಕಡಿಮೆ. ಇನ್ನೊಂದು, ಹೆಚ್ಚಿನ ಕ್ಯಾಮರಾಗಳಲ್ಲಿ ಧ್ವನಿ ಇಲ್ಲ. ನಾನು ನೇಪಲ್ಸಿನ ಒಂದು ಸ್ಥಳೀಯ ರೇಡಿಯೋವನ್ನು ಫೋನಿನಲ್ಲಿ ಹಾಕಿಕೊಳ್ಳುತ್ತೇನೆ. ಇಟಾಲಿಯನ್ ಒಂದಕ್ಷರ ಬಾರದಿದ್ದರೂ ಕಾಮೆಂಟರಿಯವನ ಗಂಟಲು ಎಲ್ಲವನ್ನೂ ಹೇಳುತ್ತದೆ. ರೇಡಿಯೋ ಚಿತ್ರಕ್ಕಿಂತ ಮುಂದೆ ಓಡಿದರೆ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಹಾಕಿ, ಹೊಂದಿಕೊಳ್ಳುತ್ತದೆ. ಇಂಥ ತಾಣಗಳಲ್ಲಿ ಶುರುವಿಗೆ ಜಾಹೀರಾತು ಇರುತ್ತದೆ. ಎಲ್ಲರೂ ಒಟ್ಟಿಗೆ ನುಗ್ಗಿದ ರಾತ್ರಿ ಚಿತ್ರ ನಿಂತು ನಿಂತು ಬರುವುದೂ ಉಂಟು. ಅದಕ್ಕೆ ಮ್ಯಾಚಿಗೆ ಮುಂಚೆಯೇ ತೆರೆದಿಟ್ಟುಕೊಳ್ಳಿ.

ಯಾವ ಕ್ಯಾಮರಾ ಅನ್ನುವುದಕ್ಕೆ ಆ ಊರಿನ ರೂಢಿ ಗೊತ್ತಿರಬೇಕು. ಮ್ಯಾಡ್ರಿಡ್ ಅಂದರೆ ಎಲ್ಲರೂ ಪುಯೆರ್ತಾ ದೆಲ್ ಸೋಲ್ ಚೌಕದ ಕ್ಯಾಮರಾ ತೆರೆಯುತ್ತಾರೆ. ಸುಂದರವಾಗಿದೆ, ನಿಜ. ಆದರೆ ರಿಯಲ್ ಮ್ಯಾಡ್ರಿಡ್ ಗೆದ್ದಾಗ ಜನ ಸೇರುವುದು ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದೂರದ ಸಿಬೆಲೆಸ್ ಕಾರಂಜಿಯ ಹತ್ತಿರ, ಸಿಂಹಗಳ ರಥದಲ್ಲಿ ಕೂತ ದೇವಿಯ ಸುತ್ತ. 2024ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ, ಡಾರ್ಟ್‌ಮಂಡ್ ತಂಡವನ್ನು 2-0 ಸೋಲಿಸಿ ಬಂದಾಗ ನಾಯಕ ನಾಚೋ ಸ್ಕಾರ್ಫ್ ಹಾಕಿದ್ದು ಈ ದೇವಿಗೇ. ಅದೇ ಊರಿನ ಇನ್ನೊಂದು ತಂಡ ಅಟ್ಲೆಟಿಕೋದವರು ನೆಪ್ಟ್ಯೂನ್ ಕಾರಂಜಿಗೆ ಹೋಗುತ್ತಾರೆ. ಬಾರ್ಸಿಲೋನಾದಲ್ಲಿ ರಾಂಬ್ಲಾ ಬೀದಿಯ ಕನಾಲೆಟೆಸ್ ಕಾರಂಜಿ. ಮ್ಯಾಡ್ರಿಡ್ ನಗರಾಡಳಿತದ ಟ್ರಾಫಿಕ್ ಕ್ಯಾಮರಾಗಳು ಇವೆ, ಆದರೆ ಅವು ಆಗಾಗ ಬದಲಾಗುವ ಬರೀ ಫೋಟೋ. ಜರ್ಮನಿ, ಆಸ್ಟ್ರಿಯಾ ಕಡೆ ಸಹ ಇಂಥ ಫೋಟೋ ಕ್ಯಾಮರಾಗಳೇ ಜಾಸ್ತಿ. ಸಂಭ್ರಮ ನೋಡಲು ಅವು ಸಾಲವು. ಇಸ್ತಾಂಬುಲ್ ನಗರಸಭೆಯದು ಮಾತ್ರ ಬೇರೆ ಮಾತು. ಟಕ್ಸಿಮ್ ಚೌಕವನ್ನೂ ಸೇರಿಸಿ ಊರಿನ ಎಷ್ಟೋ ಜಾಗಗಳನ್ನು ನೇರವಾಗಿ, ಉಚಿತವಾಗಿ ತೋರಿಸುತ್ತಾರೆ.

ಇನ್ನೊಂದು ವಿಷಯ ಬರೆಯಲೇಬೇಕು. 2025ರ ಮೇ 26ರಂದು, ಲೀಗ್ ಗೆದ್ದ ನಾಪೋಲಿ ಆಟಗಾರರು ತೆರೆದ ಬಸ್ಸಿನಲ್ಲಿ ಮೆರವಣಿಗೆ ಬಂದರು. ಸಮುದ್ರದ ದಂಡೆಯ ಉದ್ದನೆಯ ರಸ್ತೆ. ಜನ ಲಕ್ಷಗಟ್ಟಲೆ ಇದ್ದರೂ ರಸ್ತೆಯುದ್ದಕ್ಕೂ ಹರಡಿಕೊಂಡಿದ್ದರು. ಬಸ್ಸು ತೇರಿನ ಹಾಗೆ ನಿಧಾನಕ್ಕೆ ಸಾಗುತ್ತಿತ್ತು. ಅದಾಗಿ ಒಂಬತ್ತು ದಿನಕ್ಕೆ, ಜೂನ್ 4ರಂದು, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಮುಂದೆ ಆರ್‌ಸಿಬಿ ಗೆಲುವು ನೋಡಲು ಹೋದವರಲ್ಲಿ 11 ಜನ ಸತ್ತರು. ನನ್ನ ಮನೆಯಿಂದ ದೂರವೇನಲ್ಲ ಅದು. ನನ್ನ ಶಾಲೆಯ ಮಕ್ಕಳಂಥವರೇ ಅವರು. ಅವತ್ತಿನಿಂದ ಯಾವ ಚೌಕ ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಹೊರಗೆ ಬಿಡುವ ರಸ್ತೆ ಎಷ್ಟಿದೆ, ಅದರಲ್ಲಿ ಜನ ಚಲಿಸುತ್ತಿದ್ದಾರಾ ಅನ್ನುವುದರ ಕಡೆಗೆ. ನೇಪಲ್ಸಿನಲ್ಲಿ ಎಲ್ಲ ಸರಿ ಅಂತಲೂ ಅಲ್ಲ. 2023ರ ಆ ರಾತ್ರಿಯೇ ಗುಂಡೇಟಿಗೆ 26 ವರ್ಷದ ಯುವಕನೊಬ್ಬ ಸತ್ತ, ಎಷ್ಟೋ ಜನರಿಗೆ ಗಾಯವಾಯಿತು. ಬೆಟ್ಟದ ಕ್ಯಾಮರಾದಲ್ಲಿ ನನಗೆ ಕಾಣಿಸಿದ್ದು ಬಾಣಬಿರುಸು ಮಾತ್ರ. ದೂರದ ಕ್ಯಾಮರಾ ಇಷ್ಟೇ ತೋರಿಸುತ್ತದೆ ಅನ್ನುವುದು ನೆನಪಿರಲಿ.

ಡೇಟಾ ಬಗ್ಗೆ: ಚಿತ್ರ ಚೆನ್ನಾಗಿ ಬರಬೇಕಾದರೆ ಗಂಟೆಗೆ ಒಂದು ಜಿಬಿಗಿಂತ ಮೇಲೆ ಹೋಗಬಹುದು. ಮನೆಯ ವೈಫೈ ಇದ್ದರೆ ಒಳ್ಳೆಯದು. ಫೋನಿನ ಸಣ್ಣ ಪರದೆಯಲ್ಲಿ ನೋಡಿದರೆ ಜನ ಇರುವೆ ಸಾಲಾಗಿಬಿಡುತ್ತಾರೆ, ಲ್ಯಾಪ್‌ಟಾಪಾದರೂ ಬೇಕು.

ಹೊತ್ತಿನ ಲೆಕ್ಕ ಹೀಗೆ. ಇಟಲಿ, ಸ್ಪೇನ್, ಫ್ರಾನ್ಸ್, ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ರಾತ್ರಿ 9ರ ಮ್ಯಾಚು ಮೇ ತಿಂಗಳಲ್ಲಿ ನಮಗೆ 12.30ಕ್ಕೆ, ಡಿಸೆಂಬರಿನಲ್ಲಿ 1.30ಕ್ಕೆ ಶುರು. ಜನ ಬೀದಿಗಿಳಿಯುವಾಗ ಇಲ್ಲಿ ಎರಡೂವರೆ, ಮೂರೂವರೆ. ಆದರೆ ಚಾಂಪಿಯನ್ಸ್ ಲೀಗ್ ಫೈನಲನ್ನು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುವೆಫಾ 2026ರಿಂದ ಅಲ್ಲಿನ ಸಂಜೆ 6ಕ್ಕೆ ತಂದಿದೆ. ನಮಗೆ ರಾತ್ರಿ 9.30. ಊಟ ಮುಗಿಸಿ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದು.