ತುರಿಕೆಗೆ ಸ್ಟೀರಾಯ್ಡ್ ಮುಲಾಮು ಹಚ್ಚುವ ಮುನ್ನ

ಕಳೆದ ಮಳೆಗಾಲದಲ್ಲಿ, ಬದಿಯಡ್ಕ ಕಡೆಯ ನಮ್ಮ ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, ನನ್ನ ಭಾವನವರ ಸೊಂಟ ಮತ್ತು ತೊಡೆಸಂದಿಯಲ್ಲಿ ಕೆಂಪು ಕಲೆಗಳೆದ್ದು ವಿಪರೀತ ತುರಿಸತೊಡಗಿದವು. ಮೈಲುತುತ್ತಿನ ದ್ರಾವಣ ಸಿಡಿದು ಅಲರ್ಜಿಯಾಗಿದೆ, ಇದು ಇಸುಬು ಎಂದು ಕ್ಲಿನಿಕ್ಕಿನವರು ದೂರದಿಂದಲೇ ನೋಡಿ ಹೇಳಿ, ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಇರುವ ಮುಲಾಮು ಬರೆದುಕೊಟ್ಟರು. ತುರಿಕೆ ಬೇಗನೆ ತಗ್ಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹಚ್ಚುವುದನ್ನು ಬಿಟ್ಟೊಡನೆ ಅದು ಮೊದಲಿಗಿಂತ ಅಗಲವಾಗಿ ಮರಳಿತು. ಮತ್ತೆ ಅದೇ ಟ್ಯೂಬು ಮನೆಗೆ ಬಂತು. ಆಟಿ ತಿಂಗಳು ಕಳೆಯುವಷ್ಟರಲ್ಲಿ ಸೊಂಟದ ಸುತ್ತ ಹಬ್ಬಿದ ಅದನ್ನು ಇನ್ನೊಬ್ಬ ವೈದ್ಯರು ಸೋರಿಯಾಸಿಸ್ ಇರಬಹುದೆಂದರು.

ಕೊನೆಗೆ ಮಂಗಳೂರಿನ ಚರ್ಮರೋಗ ತಜ್ಞರೊಬ್ಬರು ಕಲೆಯ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕವಲೊಡೆದ ಶಿಲೀಂಧ್ರದ ಎಳೆಗಳು ಅಲ್ಲಿ ಕಂಡವು. ಅದು ಹುಳುಕಡ್ಡಿ.

ಹುಳುಕಡ್ಡಿ ಉಂಗುರದಂತೆ ದುಂಡಗಿದ್ದು, ಅಂಚು ಉಬ್ಬಿ ನಡುವೆ ತಿಳಿಯಾಗಿರುತ್ತದೆ ಎಂಬುದು ನಿಜವೇ. ಆದರೆ ಸ್ಟೀರಾಯ್ಡ್ ಬಿದ್ದ ಮೇಲೆ ಆ ಗುರುತೇ ಅಳಿಸಿಹೋಗುತ್ತದೆ. ಕೆಂಪು, ಊತ, ತುರಿಕೆಗಳು ಸೋಂಕಿನ ವಿರುದ್ಧ ದೇಹ ತೋರುವ ಪ್ರತಿರೋಧ. ಮುಲಾಮು ಅಡಗಿಸುವುದು ಆ ಪ್ರತಿರೋಧವನ್ನೇ ಹೊರತು ಶಿಲೀಂಧ್ರವನ್ನಲ್ಲ. ಹೀಗೆ ವೇಷ ಮರೆಸಿಕೊಂಡ ಸೋಂಕನ್ನು ವೈದ್ಯರು ಟಿನಿಯಾ ಇನ್‌ಕಾಗ್ನಿಟೊ ಎನ್ನುತ್ತಾರೆ. ತೊಡೆಸಂದಿಯ ಚರ್ಮ ಮೊದಲೇ ತೆಳು. ಭಾವನವರಿಗೆ ಅಲ್ಲಿ ಬಿದ್ದಿರುವ ಬಿರುಕುಗೆರೆಗಳು ಇನ್ನು ಪೂರ್ತಿ ಹೋಗುವುದಿಲ್ಲವಂತೆ.

ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ತಂದಿತು. ಚೀಟಿಯೇ ತಪ್ಪಾಗಿದ್ದರೆ ನಿಯಮ ಏನು ಮಾಡೀತು?

ಆದ್ದರಿಂದ, ಹಚ್ಚಿದಾಗ ತಗ್ಗಿ ಬಿಟ್ಟಾಗ ಹಬ್ಬುವ ತುರಿಕೆ ಯಾರಿಗಾದರೂ ಇದ್ದರೆ, ಚರ್ಮ ಕೆರೆದು ಪರೀಕ್ಷಿಸುವಂತೆ ಸಂಕೋಚವಿಲ್ಲದೆ ಕೇಳಿರಿ. ಅದುವರೆಗೆ ಬಳಸಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ, ಏಕೆಂದರೆ ಶಿಲೀಂಧ್ರನಾಶಕ ಹಚ್ಚಿದ್ದರೆ ಪರೀಕ್ಷೆಯಲ್ಲಿ ಎಳೆಗಳು ಕಾಣದೆ ಹೋಗಬಹುದು. ಟರ್ಬಿನಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಗೆ ಬಗ್ಗದ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಶಿಲೀಂಧ್ರ ನಮ್ಮ ದೇಶದಲ್ಲಿ ಹರಡಿರುವುದರಿಂದ, ಔಷಧಿ ನಾಟದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಮನೆಯವರೆಲ್ಲ ಒಂದೇ ಬೈರಾಸಿನಲ್ಲಿ ಮೈ ಒರೆಸಿಕೊಳ್ಳುವುದನ್ನು ಬಿಡಬೇಕು. ನಮ್ಮಲ್ಲಿ ಅಕ್ಕನಿಗೂ ಅಂಟಿದ ಮೇಲೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಬೇಕಾಯಿತು.