ಎಲೆ ತಿರುಗಿಸಿ ನೋಡದೆ ದೇವಕಣಗಿಲೆ ತರಬೇಡಿ

ಮನೆ ಮುಂದೆ ಹೂವಿನ ಮರ ನೆಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ.

ಹೋದ ವರ್ಷ ಮೇ ತಿಂಗಳು. ಅಂಕೋಲಾದಿಂದ ಕುಮಟಾಕ್ಕೆ ಬರುವಾಗ ಹೆದ್ದಾರಿ ಬದಿಯಲ್ಲಿ ಗಿಡ ತುಂಬಿದ ಟೆಂಪೋ ನಿಂತಿತ್ತು. ದೇವಕಣಗಿಲೆ ಅರ್ಧ ಬೆಲೆಗೆ ಇತ್ತು. ಎಲೆಯ ಅಡಿಯಲ್ಲಿ, ನರದ ಉದ್ದಕ್ಕೂ ಹತ್ತಿ ಚೂರಿನ ಹಾಗೆ ಏನೋ ಬಿಳಿ. ಕೇಳಿದೆ. "ಧೂಳು ಅಕ್ಕ, ಮಳೆ ಬಿದ್ರೆ ಹೋಗ್ತದೆ" ಅಂದರು. ಎರಡು ಗಿಡ ತಂದೆ.

ಮಳೆಗೆ ಹೋಯಿತು ಕೂಡ. ನಾನು ಮೋಸ ಹೋದದ್ದು ಅಲ್ಲೇ. ದೀಪಾವಳಿ ಕಳೆದು ಬಿಸಿಲು ಏರಿತು ನೋಡಿ, ಆಯಿಯ ದಾಸವಾಳದ ಕುಡಿಯೆಲ್ಲ ಮುರುಟಿಕೊಂಡಿತು. ಮೊಗ್ಗು ಅರಳದೆ ಉದುರಿತು. ಆಮೇಲೆ ಪಪ್ಪಾಯಿ, ಪೇರಲೆ. ಆ ಬಿಳಿಯನ್ನು ಹೆಬ್ಬೆರಳಲ್ಲಿ ಒರೆಸಿದರೆ ಹಳದಿ ರಸ ಬಂತು. ಧೂಳಿನಲ್ಲಿ ರಸ ಎಲ್ಲಿಂದ ಬರಬೇಕು? ಅದು ಪಪ್ಪಾಯಿ ಹಿಟ್ಟು ತಿಗಣೆ, ಗಿಡದ ರಸ ಹೀರುವ ಹುಳು. ಅದು ಬಿಡುವ ಸಿಹಿ ಅಂಟಿಗೆ ಇರುವೆ ಸಾಲು, ಅದರ ಮೇಲೆ ಕಪ್ಪು ಬೂಷ್ಟು. ದೇವರಿಗೆ ಕೊಯ್ದ ಹೂವು ಕೈಗೆ ಅಂಟುತ್ತಿತ್ತು.

ನಮ್ಮ ದೇಶದಲ್ಲಿ ಈ ಹುಳು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅದನ್ನು ಹತೋಟಿಗೆ ತರಲು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ಈ ಹುಳುವನ್ನು ಕೊಲ್ಲುವ ಸಣ್ಣ ಕಣಜಗಳನ್ನು ತರಿಸಿದರು. ಸುಮ್ನೆ ಜಾಸ್ತಿ ವಿಷ ಹೊಡೆದರೆ ಆ ಕಣಜವೂ ಸಾಯುತ್ತದೆ. ನಾವು ಹುಳು ಹತ್ತಿದ ಕುಡಿ ಕತ್ತರಿಸಿ ಸುಟ್ಟೆವು. ಸೋಪಿನ ನೀರಿಗೆ ಬೇವಿನೆಣ್ಣೆ ಸೇರಿಸಿ ಎಲೆಯ ಅಡಿಗೇ ಹೊಡೆದೆವು. ಹುಳುವಿನ ಮೈಮೇಲೆ ಮೇಣದ ಪುಡಿ ಇರುತ್ತದೆ, ಬರೀ ನೀರು ಜಾರಿ ಹೋಗುತ್ತದೆ.

ನನಗೆ ಹೆಚ್ಚು ಬೇಜಾರಾದದ್ದು ಬೇರೆ. ಮೇ ತಿಂಗಳಲ್ಲಿ "ನಮಗೂ ಒಂದು ಟೊಂಗೆ ಕೊಡು" ಅಂದಿದ್ದ ಪಕ್ಕದ ಮನೆಯವರು ಈಗ ಆ ಮರವೇ ಬೇಡ ಅನ್ನುತ್ತಾರೆ. ಕುಮಟಾದ ನರ್ಸರಿಯವರೊಬ್ಬರೂ ಅದನ್ನೇ ಹೇಳಿದರು. ಒಂದು ಗಿಡದಲ್ಲಿ ಬಿಳಿ ಕಂಡರೆ ಸಾಕು, ಜನ ಇಡೀ ಸಾಲನ್ನೇ ಬಿಟ್ಟು ಹೋಗುತ್ತಾರಂತೆ. ಅರ್ಧ ಬೆಲೆಗೆ ಕೊಟ್ಟರೂ ಒಯ್ಯುವುದಿಲ್ಲ. ಮರದ್ದೇನು ತಪ್ಪು? ಕಡಲಿನ ಉಪ್ಪು ಗಾಳಿ, ಮರಳು ನೆಲ ಎರಡನ್ನೂ ತಾಳಿಕೊಂಡು ಹೂ ಬಿಡುವ ಮರ ಅದು.

ತರುವುದಾದರೆ ಎಲೆ ತಿರುಗಿಸಿ, ತೊಟ್ಟಿನ ಸಂದು ನೋಡಿ. ಗಿಡದ ಮೇಲೆ ಇರುವೆ ಓಡಾಡುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ. ತಂದದ್ದನ್ನು ಒಂದು ತಿಂಗಳು ಬೇರೆ ಗಿಡಗಳಿಂದ ದೂರ ಇಡಿ.

ನಮ್ಮ ಬಚ್ಚಲ ಹಿಂದೆ ಈಗ ಹೊಸ ದೇವಕಣಗಿಲೆ ಒಂದಿದೆ. ಮೂರು ವಾರ ಆಯಿತು, ಎಲೆ ಚೊಕ್ಕ ಇದೆ. ಇನ್ನೂ ಒಂದು ವಾರ ಅಲ್ಲೇ ಇರಲಿ ಅಂದಿದ್ದಾಳೆ ಆಯಿ.