ಅಕ್ಷರ ಎಣಿಸುವ ಕೋಡ್ ಎಲ್ಲಿರಬೇಕು: ನನ್ನ ಪ್ರೋಗ್ರಾಂನಲ್ಲೋ, ಸಿಸ್ಟಮ್ ಲೈಬ್ರರಿಯಲ್ಲೋ?

ಕನ್ನಡ ಪದಬಂಧ ಕಟ್ಟಲು ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೆ. ಅದಕ್ಕೆ ಮುಖ್ಯವಾಗಿ ಬೇಕಿದ್ದದ್ದು ಒಂದೇ ಫಂಕ್ಷನ್: ಪದ ಕೊಟ್ಟರೆ ಎಷ್ಟು ಮನೆ ಬೇಕು ಅಂತ ಹೇಳಬೇಕು. ‘ಕನ್ನಡ’ಕ್ಕೆ ಮೂರು ಮನೆ, ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆದರೆ ಸಿ ಭಾಷೆಯಲ್ಲಿ ಉದ್ದ ಅಳೆಯುವ ಸ್ಟ್ರ್‌ಲೆನ್ 15 ಅನ್ನುತ್ತದೆ, ಯಾಕಂದ್ರೆ ಪಠ್ಯ ಉಳಿಸುವ ಯುಟಿಎಫ್-8 ರೀತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್. ಪೈಥಾನ್‌ನ ಲೆನ್ ‘್’ ಚಿಹ್ನೆಯನ್ನೂ ಬೇರೆ ಎಣಿಸಿ 5 ಅನ್ನುತ್ತದೆ. ಬೇರೆ ಬೇರೆ ಭಾಷೆಗಳ ಪಠ್ಯ ಸಂಭಾಳಿಸುವ ಐಸಿಯು ಲೈಬ್ರರಿ 4 ಅನ್ನುತ್ತದೆ.

ಮೊದಲು ನಾನೇ ಬರೆದೆ. ನಲವತ್ತು ಸಾಲು, ಅಷ್ಟೇ. ವ್ಯಂಜನ, ಆಮೇಲೆ ‘್’, ಆಮೇಲೆ ಇನ್ನೊಂದು ವ್ಯಂಜನ ಬಂದರೆ ಒಂದೇ ಮನೆ. ಒಂದು ಸಂಜೆಯಲ್ಲಿ ಮುಗಿಯಿತು, ಖುಷಿಯೂ ಆಯಿತು. ಮರುದಿನ ‘ರ‍್ಯಾಂಕ್’ ಪದ ಹಾಕಿದೆ, ಲೆಕ್ಕ ತಪ್ಪಿತು. ಇಲ್ಲಿ ‘ರ’ಕ್ಕೂ ‘್’ಗೂ ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ, ಅದಿಲ್ಲದಿದ್ದರೆ ಅರ್ಕಾವತ್ತು ಬಂದುಬಿಡುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಇದಕ್ಕೆ ಉಲ್ಟಾ, ‘ಟ್’ ಆದ ಮೇಲೆ ಬಿಡಿಸುವ ಚಿಹ್ನೆ ಇರುತ್ತದೆ. ಎರಡನ್ನೂ ಸರಿಮಾಡಿದೆ. ನಿಜವಾದ ತೊಂದರೆ ಅದಲ್ಲ. ಅದೇ ನಲವತ್ತು ಸಾಲನ್ನು ಅಷ್ಟರಲ್ಲಿ ಪದ ಹುಡುಕುವ ಇನ್ನೊಂದು ಟೂಲ್‌ಗೂ ಕಾಪಿ ಮಾಡಿದ್ದೆ, ಅಲ್ಲಿ ಹಳೆಯ ತಪ್ಪು ಹಾಗೇ ಉಳಿದು, ಮೂರಕ್ಷರದ ಪದ ಹುಡುಕಿದರೆ ಒಂದು ಟೂಲ್ ಒಂದು ಪಟ್ಟಿ, ಇನ್ನೊಂದು ಬೇರೆಯೇ ಪಟ್ಟಿ ಕೊಡುತ್ತಿತ್ತು.

ಗೆಳೆಯನೊಬ್ಬ ‘ಗ್ಲಿಬ್‌ಸಿಗೇ ಸೇರಿಸಿಬಿಡೋಣ ಅಲ್ವಾ’ ಅಂದ. ಅದು ಲಿನಕ್ಸ್‌ನ ಮೂಲ ಸಿ ಲೈಬ್ರರಿ. ನಾನು ಬೇಡ ಅಂದೆ. ಪಠ್ಯ ನಕಲು ಮಾಡುವ ಸ್ಟ್ರ್‌ಎಲ್‌ಸಿಪಿವೈ ಫಂಕ್ಷನ್ ನೋಡಿ. ಅದು ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬಂದಿದ್ದು 1998ರಲ್ಲಿ, ಗ್ಲಿಬ್‌ಸಿಗೆ ಸೇರಿದ್ದು 2023ರಲ್ಲಿ. ಆ ಬಿಗಿ ಸರಿಯೇ, ಯಾಕಂದ್ರೆ ಅಲ್ಲಿ ಒಮ್ಮೆ ಸೇರಿದ್ದನ್ನು ತೆಗೆಯೋದು ತುಂಬಾ ಕಷ್ಟ, ಬದಲಾಯಿಸಿದರೂ ಪೆಟ್ಟು ಎಲ್ಲರಿಗೂ ಬೀಳುತ್ತದೆ. 2018ರಲ್ಲಿ ಗ್ಲಿಬ್‌ಸಿ 2.28 ಪದಗಳನ್ನು ಜೋಡಿಸುವ ಕ್ರಮ ಬದಲಾಯಿಸಿದಾಗ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಪಠ್ಯದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಯಿತು. ಕೋಟಿಗಟ್ಟಲೆ ಯಂತ್ರಗಳಲ್ಲಿರುವ ಲೈಬ್ರರಿಗೆ ನನ್ನ ಪದಬಂಧದ ಭಾರ ಯಾಕೆ?

ಇನ್ನು ಐಸಿಯು. ಇದು ಈ ಕೆಲಸಕ್ಕೆಂದೇ ಇರುವ ಲೈಬ್ರರಿ. ಆಂಡ್ರಾಯ್ಡ್ 7ರಿಂದ ಆ್ಯಪ್‌ಗಳಿಗೆ ನೇರವಾಗಿ ಸಿಗುತ್ತದೆ, ವಿಂಡೋಸ್ 10ರಲ್ಲೂ 2017ರಿಂದ ಇದೆ. ದೊಡ್ಡದು ನಿಜ, ಡೇಟಾ ಫೈಲ್ ಒಂದೇ ಸುಮಾರು 30 ಎಂಬಿ. ಲಿನಕ್ಸ್‌ನಲ್ಲಿ ಫಂಕ್ಷನ್ ಹೆಸರಿಗೇ ಆವೃತ್ತಿಯ ಸಂಖ್ಯೆ ಅಂಟಿರುವುದರಿಂದ ದೊಡ್ಡ ಅಪ್‌ಗ್ರೇಡ್ ಆದಾಗ ಮತ್ತೆ ಕಂಪೈಲ್ ಮಾಡಬೇಕು. ಆದರೂ ‘ಕನ್ನಡ’ಕ್ಕೆ ಯಾಕೆ 4? ಐಸಿಯು ಪಾಲಿಸುವುದು ಯೂನಿಕೋಡ್ ಅನ್ನು, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಇರುವ ಮಾನದಂಡವನ್ನು. ಅದರ 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದಂತೆ ಹೊಸ ನಿಯಮ ಬಂತು. ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಇವೆ, ಪಕ್ಕದ ತೆಲುಗೂ ಇದೆ. ಕನ್ನಡ ಇಲ್ಲ. ಓದಿ ತುಂಬಾ ಬೇಜಾರಾಯಿತು.

ಆದರೆ ಐಸಿಯುನಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ: ಪದ ಒಡೆಯುವ ನಿಯಮವನ್ನು ನಾವೇ ಬರೆದು ಕೊಡಬಹುದು. ಇರುವ ನಿಯಮದ ಫೈಲ್‌ಗೇ ಕನ್ನಡದ ‘್’ ಮತ್ತು ವ್ಯಂಜನಗಳನ್ನು ಸೇರಿಸಿದೆ, ಬದಲಾಗಿದ್ದು ನಾಲ್ಕೈದು ಸಾಲು. ‘ಕನ್ನಡ’ 3, ‘ರ‍್ಯಾಂಕ್’ 2, ‘ಸಾಫ್ಟ್‌ವೇರ್’ 4. ಎಲ್ಲ ಸರಿ ಬಂತು. ಈಗ ಎರಡೂ ಟೂಲ್‌ಗಳು ಅದೇ ಒಂದು ಫೈಲ್ ಓದುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ನಾನು ಕೇಳಿಕೊಳ್ಳುವುದು ಇಷ್ಟೇ: ಎರಡು ಪ್ರೋಗ್ರಾಂಗಳು ಬೇರೆ ಬೇರೆ ಉತ್ತರ ಕೊಟ್ಟರೆ ಬಳಸುವವರಿಗೆ ತೊಂದರೆ ಆಗುತ್ತದಾ? ಆಗುವುದಾದರೆ ಆ ಕೋಡ್ ಎಲ್ಲರಿಗೂ ಒಂದೇ ಕಡೆ ಇರಬೇಕು. ಅಕ್ಷರ ಎಲ್ಲಿ ಮುಗಿಯುತ್ತದೆ ಅನ್ನುವುದು ಅಂಥದ್ದು. ಕರ್ಸರ್ ಓಡುವುದಕ್ಕೂ, ಪದ ಆರಿಸುವುದಕ್ಕೂ ಅದೇ ಬೇಕು. ಹಾಗಾಗಿ ಕನ್ನಡ ಆ ಯೂನಿಕೋಡ್ ಪಟ್ಟಿಗೇ ಸೇರಬೇಕು, ನನ್ನ ಫೈಲ್ ಅಲ್ಲಿಯವರೆಗೆ ಮಾತ್ರ. ಪದದ ಕೊನೆಯ ‘ಕ್’ಗೆ ಬೇರೆ ಮನೆ ಕೊಡಬೇಕಾ ಅನ್ನುವುದು ಆಟದ ನಿಯಮ, ಪದಬಂಧ ಕಟ್ಟುವ ಒಬ್ಬೊಬ್ಬರದು ಒಂದೊಂದು ರೀತಿ. ಅದು ನನ್ನ ಪ್ರೋಗ್ರಾಂನಲ್ಲೇ ಇದೆ, ಅಲ್ಲೇ ಇರುತ್ತದೆ.